ಮಾಟುಂಗಾದ ಕಣ್ಣಿನ ದವಾಖಾನೆಯಲ್ಲಿ ಮೂರು ಭೇಟಿ

ತಾಯಿಯವರ ಕಣ್ಣು ಕೆಂಪಾಗಿ, ಬೆಳಕು ಕಂಡರೆ ನೋಯತೊಡಗಿದ್ದರಿಂದ ಮುಂಬಯಿಯ ಮಾಟುಂಗಾ ಪೂರ್ವದ ಸಣ್ಣ ಕಣ್ಣಿನ ದವಾಖಾನೆಯೊಂದಕ್ಕೆ ಮೂರು ಸಲ ಹೋಗಿಬಂದೆವು. ಹಳದಿ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಕಣ್ಣಿನ ಒತ್ತಡ ಅಳೆದ ವೈದ್ಯೆ, ಕಣ್ಣೊಳಗೆ ಉರಿಯೂತವಾಗಿದೆ, ಒತ್ತಡ 9 ಎಂದರು. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಇರುವ ಒತ್ತಡ ಇಳಿದದ್ದೇಕೆಂದು ಕೇಳಿದೆ. ಉರಿಯೂತದಲ್ಲಿ ಬಿಡುಗಡೆಯಾಗುವ ಪ್ರೊಸ್ಟಾಗ್ಲಾಂಡಿನ್‌ನಂತಹ ರಾಸಾಯನಿಕಗಳು ಕಣ್ಣೊಳಗಿನ ದ್ರವ ಹೊರಹರಿಯುವುದನ್ನು ಹೆಚ್ಚಿಸುತ್ತವೆ, ದ್ರವ ಸ್ರವಿಸುವ ಭಾಗಕ್ಕೇ ಉರಿಯೂತವಾದರೆ ಸ್ರಾವವೂ ತಗ್ಗುತ್ತದೆ. ಆದರೆ ರಕ್ತನಾಳಗಳಿಂದ ಸೋರಿದ ಪ್ರೋಟೀನು, ಬಿಳಿ ರಕ್ತಕಣಗಳು ಹೊರದಾರಿಯ ಜಾಲರಿಯಲ್ಲಿ ಸಿಕ್ಕಿಕೊಂಡರೆ ಅದೇ ಕಾಯಿಲೆಯಲ್ಲಿ ಒತ್ತಡ ಏರಲೂಬಹುದು ಎಂದು ಅವರು ಔಷಧದ ಚೀಟಿಯ ಹಿಂಬದಿಯಲ್ಲಿ ಚಿತ್ರ ಬಿಡಿಸಿ, ಕನ್ನಡದಲ್ಲೇ ವಿವರಿಸಿದರು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆಯಲ್ಲಿ ಒತ್ತಡ ಇಳಿಸಲು ಕೊಡುವ ಲಟಾನೊಪ್ರೋಸ್ಟ್ ಹನಿಯೂ ಪ್ರೊಸ್ಟಾಗ್ಲಾಂಡಿನ್ ಕುಲದ್ದೇ ಎಂಬುದು ನನಗೆ ಹೊಸ ವಿಷಯ. ಉರಿಯೂತಕ್ಕೆ ಬರೆದ ಸ್ಟೀರಾಯ್ಡ್ ಹನಿ ಕೆಲವರಲ್ಲಿ ವಾರಗಳೊಳಗೆ ಒತ್ತಡವನ್ನು ಏರಿಸುವುದುಂಟು. ಆದ್ದರಿಂದ ಪ್ರತಿ ಭೇಟಿಯಲ್ಲೂ ತಪ್ಪದೆ ಅಳೆದರು. ಮೂರನೆಯ ಸಲ 16 ಇತ್ತು.

ದೂರು ಒಂದೇ. 11 ಗಂಟೆಗೆ ಕರೆದು 12.30ರವರೆಗೆ ಕಾಯಿಸಿದರು, ಅದೂ ಕಣ್ಣು ಕುಕ್ಕುವ ಬಿಳಿ ಟ್ಯೂಬ್‌ಲೈಟಿನ ಕೆಳಗೆ. ತಾಯಿ ಸೆರಗನ್ನು ಹಣೆಗೆಳೆದುಕೊಂಡು ಕುಳಿತಿದ್ದರು.