ಮನೆಯ ಪ್ರಿಂಟರಿನಲ್ಲಿ ಫೋಟೋ ಆಲ್ಬಮ್ ಮಾಡಲು ಹೊರಟವರಿಗೆ

ನಮ್ಮ ತಂದೆಯವರ ಷಷ್ಟ್ಯಬ್ದಿಯ ಫೋಟೋಗಳನ್ನು ಸ್ಟುಡಿಯೋಗೆ ಕೊಡುವ ಬದಲು ಮನೆಯಲ್ಲೇ ಮುದ್ರಿಸಿ ಆಲ್ಬಮ್ ಮಾಡೋಣವೆಂದು ಹೊರಟು, ಎರಡು ಪ್ಯಾಕೆಟ್ ಎ4 ಗ್ಲಾಸಿ ಕಾಗದವನ್ನೂ ಮೂರು ಭಾನುವಾರಗಳನ್ನೂ ಕಳೆದುಕೊಂಡೆ. ಪ್ರಿಂಟರಿನಲ್ಲಿ ದೋಷವೇನೂ ಇರಲಿಲ್ಲವೆಂದು ತಿಳಿಯುವಷ್ಟರಲ್ಲಿ ಅದಕ್ಕೆ ನಾನೇ ದೋಷ ತಂದಿಟ್ಟಾಗಿತ್ತು. ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟುಕೊಂಡು ಇದೇ ಕೆಲಸಕ್ಕೆ ಕೈಹಾಕುವವರು ದಯವಿಟ್ಟು ಒಮ್ಮೆ ಓದಿಕೊಳ್ಳಿ.

ಮೊದಲ ಪ್ರತಿ ಹೊರಬಂದಾಗ ಅಪ್ಪನ ಬಿಳಿ ಪಂಚೆಯ ಮೇಲೆ ಕುಂಕುಮದ ನೀರು ಚೆಲ್ಲಿದಂತಿತ್ತು. ಮುಖಗಳೆಲ್ಲ ಕೆಂಪಾಗಿ, ಅಮ್ಮನ ಗಿಳಿಹಸಿರು ಸೀರೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತ್ತು. "ಇದು ಓಕುಳಿ ಆದಮೇಲೆ ತೆಗೆದದ್ದೇನೋ?" ಎಂದು ಅಪ್ಪ ಕೇಳಿದರು. ನಾನು ಅಲ್ಲಿಗೇ ನಿಂತು ಕಾರಣ ಹುಡುಕಬೇಕಿತ್ತು. ಅದನ್ನು ಬಿಟ್ಟು, ಕಂಪ್ಯೂಟರಿನ ಪರದೆಯನ್ನು ನೋಡಿಕೊಂಡು ಫೋಟೋಗಳಲ್ಲೇ ಕೆಂಪನ್ನು ಇಳಿಸಿದೆ, ಪ್ರತಿಗಳು ಮಂಕಾಗಿ ಕಂಡದ್ದರಿಂದ ಬೆಳಕನ್ನೂ ಏರಿಸಿದೆ, ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಹಾಗೆ ತಿದ್ದಿದ್ದನ್ನು ಮೂಲ ಫೈಲುಗಳ ಮೇಲೆಯೇ ಸೇವ್ ಮಾಡಿದೆ. ಕ್ಯಾಮೆರಾದ ಕಾರ್ಡನ್ನು ಇನ್ನೂ ಅಳಿಸಿರಲಿಲ್ಲವಾದ್ದರಿಂದ ಬಚಾವಾದೆ. ಪರದೆಯ ಪ್ರಖರತೆ ನೂರಕ್ಕೆ ನೂರು ಇದ್ದುದನ್ನು ನೋಡಿದ್ದು ಬಹಳ ತಡವಾಗಿ. ಅಷ್ಟು ಉರಿಯುವ ಪರದೆಯ ಪಕ್ಕದಲ್ಲಿ ಎಂಥ ಕಾಗದವೂ ಮಂಕೇ. ಫೋಟೋ ಕೆಲಸ ಮಾಡುವವರು ಪರದೆಯ ಬೆಳಕನ್ನು ಚದರ ಮೀಟರಿಗೆ ಸುಮಾರು 80ರಿಂದ 120 ಕ್ಯಾಂಡೆಲಾದಷ್ಟಕ್ಕೆ (ಕ್ಯಾಂಡೆಲಾ ಎಂದರೆ ಬೆಳಕಿನ ಅಳತೆ) ಇಳಿಸಿಕೊಳ್ಳುತ್ತಾರೆ. ಅಳೆಯುವ ಸಾಧನ ಇಲ್ಲದವರು ಪರದೆಯ ಮೇಲಿನ ಖಾಲಿ ಬಿಳಿ ಪುಟ, ಕೋಣೆಯ ಬೆಳಕಿನಲ್ಲಿ ಹಿಡಿದ ಬಿಳಿ ಕಾಗದದಷ್ಟೇ ಬೆಳ್ಳಗೆ ಕಾಣುವವರೆಗೆ ಇಳಿಸಿದರೆ ಮನೆಯ ಮಟ್ಟಿಗೆ ಸಾಕು.

ಎರಡನೆಯ ತಪ್ಪು ಇನ್ನೂ ದುಬಾರಿಯಾಯಿತು. ಅಂಗಡಿಯವರೊಬ್ಬರು ಕಂಪನಿಯ ಇಂಕಿನಲ್ಲಿಯೇ ಕೆಂಪು ಜಾಸ್ತಿಯೆಂದು ಹೇಳಿ, ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ನಾಲ್ಕು ಬಾಟಲಿ ಲೋಕಲ್ ಇಂಕ್ ಕೊಟ್ಟರು. ಅರ್ಧ ತುಂಬಿದ್ದ ಟ್ಯಾಂಕುಗಳಿಗೆ ಅದನ್ನೇ ಸುರಿದೆ. ಅಲ್ಲಿಂದ ಮುಂದೆ ತಲೆಗೂದಲೆಲ್ಲ ಪಾಚಿಗಟ್ಟಿದಂತೆ ಹಸಿರು ಛಾಯೆಗೆ ಬಂತು. ಕಪ್ಪು ಇಂಕಿನದೇ ದೋಷವೆಂದು ಆ ಬಾಟಲಿಯನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಆದರೆ ಇಂಥ ನಾಲ್ಕು ಬಣ್ಣದ ಅನೇಕ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಇಂಕ್ (ಬಣ್ಣದ ನುಣ್ಣನೆ ಕಣಗಳು ತೇಲುವಂಥದ್ದು), ಉಳಿದ ಮೂರು ಡೈ ಇಂಕ್ (ಬಣ್ಣ ಪೂರ್ತಿ ಕರಗಿರುವಂಥದ್ದು) ಆಗಿರುತ್ತವೆ. ಗ್ಲಾಸಿ ಕಾಗದ ಆಯ್ದುಕೊಂಡಾಗ ಆ ಕಪ್ಪನ್ನು ಪ್ರಿಂಟರ್ ಮುಟ್ಟುವುದೇ ಇಲ್ಲ, ಸಯಾನ್ (ಹಸಿರು ಬೆರೆತ ತಿಳಿನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ ಮೂರನ್ನೂ ಬೆರೆಸಿಯೇ ಕಪ್ಪನ್ನು ಮಾಡುತ್ತದೆ. ಆ ಮೂರರಲ್ಲಿ ಒಂದರ ಹದ ತಪ್ಪಿದರೂ ಅದು ಮೊದಲು ಕಾಣಿಸುವುದು ಕಪ್ಪು ಮತ್ತು ಬೂದು ಭಾಗಗಳಲ್ಲಿ. ಕಂಪನಿಯವರು ಕೊಡುವ ಐಸಿಸಿ ಪ್ರೊಫೈಲ್, ಅಂದರೆ ಯಾವ ಕಾಗದದ ಮೇಲೆ ಬಣ್ಣ ಹೇಗೆ ಮೂಡುತ್ತದೆಂದು ತಂತ್ರಾಂಶಕ್ಕೆ ತಿಳಿಸುವ ಫೈಲು, ಅವರದೇ ಇಂಕ್, ಅವರದೇ ಕಾಗದಕ್ಕೆ ಅಳೆದು ಮಾಡಿದ್ದು. ಬೆರಕೆ ಇಂಕಿಗೆ ಅದು ಹೊಂದುವುದಿಲ್ಲ. ಟ್ಯಾಂಕನ್ನು ಬಗ್ಗಿಸಿ ಚೆಲ್ಲೋಣವೆಂದರೆ ಕೊಳವೆಗಳಲ್ಲಿಯೂ ಕಾಗದಕ್ಕೆ ಇಂಕ್ ಚಿಮ್ಮಿಸುವ ಹೆಡ್ಡಿನಲ್ಲಿಯೂ ಅದೇ ಇಂಕ್ ತುಂಬಿತ್ತು.

ಇಷ್ಟಕ್ಕೂ ಮೊದಲ ದಿನದ ಓಕುಳಿಗೆ ಕಾರಣ ಪ್ರಿಂಟ್ ಕೊಡುವಾಗ ಪರದೆಯಲ್ಲಿ ತೆರೆಯುವ ಕಿಟಕಿಯಲ್ಲಿಯೇ ಇತ್ತು. ಫೋಟೋ ತಂತ್ರಾಂಶದಲ್ಲಿ ಬಣ್ಣದ ಹೊಣೆಯನ್ನು ತಂತ್ರಾಂಶಕ್ಕೇ ವಹಿಸಿ, ಕಾಗದದ ಪ್ರೊಫೈಲನ್ನೂ ಸರಿಯಾಗಿಯೇ ಆಯ್ದಿದ್ದೆ. ಆದರೆ ಪ್ರಿಂಟರಿನ ಡ್ರೈವರಿನಲ್ಲಿ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ತಾನಾಗಿ ಬಣ್ಣ ತಿದ್ದುವ ಆಯ್ಕೆ ಹಾಗೆಯೇ ಚಾಲೂ ಉಳಿದಿತ್ತು. ಅತ್ತೆ ಉಪ್ಪು ಹಾಕಿದ ಸಾರಿಗೆ ಸೊಸೆಯೂ ಉಪ್ಪು ಹಾಕಿದಂತೆ, ಒಮ್ಮೆ ತಿದ್ದಿದ ಬಣ್ಣವನ್ನೇ ಡ್ರೈವರ್ ಮತ್ತೊಮ್ಮೆ ತಿದ್ದುತ್ತಿತ್ತು. ಹೀಗೆ ಎರಡು ಬಾರಿ ತಿದ್ದಿದ ಪ್ರತಿಗಳು ಬಹಳ ಸಲ ಮಜೆಂಟಾ ಕಡೆಗೆ ವಾಲುತ್ತವೆ. ಹೊಣೆಯನ್ನು ತಂತ್ರಾಂಶಕ್ಕೆ ಕೊಟ್ಟರೆ ಡ್ರೈವರಿನ ತಿದ್ದುವಿಕೆಯನ್ನು ಪೂರ್ತಿ ಆಫ್ ಮಾಡಬೇಕು. ಇಲ್ಲವೇ ಎಲ್ಲವನ್ನೂ ಡ್ರೈವರಿಗೇ ಬಿಡಬೇಕು. ಯಾವ ದಾರಿ ಹಿಡಿದರೂ ಡ್ರೈವರಿನಲ್ಲಿ ಕಾಗದದ ಬಗೆಯನ್ನು ಟ್ರೇಯಲ್ಲಿರುವುದಕ್ಕೆ ಸರಿಹೊಂದಿಸಲೇಬೇಕು, ಏಕೆಂದರೆ ಎಷ್ಟು ಇಂಕ್ ಬೀಳಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಈಗ ನಾನು ಎ4 ಹಾಳೆಗೆ ಕೈಹಚ್ಚುವ ಮೊದಲು ನಾಝಲ್ ಚೆಕ್ (ಇಂಕ್ ಬೀಳುವ ರಂಧ್ರಗಳು ಕಟ್ಟಿಕೊಂಡಿವೆಯೇ ಎಂಬ ಪರೀಕ್ಷೆ) ಮಾಡಿ, 4x6 ಇಂಚಿನ ತುಂಡೊಂದರಲ್ಲಿ ಒಂದು ಮುಖ, ಒಂದು ಬಿಳಿ ಬಟ್ಟೆ ಮತ್ತು ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿ ಇರುವ ಪರೀಕ್ಷಾ ಪ್ರತಿ ತೆಗೆಯುತ್ತೇನೆ. ಒಂದು ಸಲಕ್ಕೆ ಒಂದೇ ಆಯ್ಕೆಯನ್ನು ಬದಲಿಸಿ, ಅದೇನೆಂದು ಹಿಂಬದಿಯಲ್ಲಿ ಬರೆದಿಡುತ್ತೇನೆ. ಡೈ ಇಂಕಿನ ಬಣ್ಣ ಒಣಗುತ್ತಾ ಕೊಂಚ ಬದಲಾಗುವುದರಿಂದ ಮರುದಿನವೇ ತೀರ್ಪು. ಅದೂ ಹಜಾರದ ಎಲ್ಇಡಿ ಬಲ್ಬಿನ ಕೆಳಗಲ್ಲ, ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ. ರಾತ್ರಿ ಹಸಿರೆಂದು ಬದಿಗಿಟ್ಟ ಒಂದು ಪ್ರತಿ ಬೆಳಗ್ಗೆ ಚೆನ್ನಾಗಿಯೇ ಇತ್ತು.

ಟ್ಯಾಂಕಿನ ಬೆರಕೆ ಇಂಕನ್ನು ಮಕ್ಕಳ ಶಾಲೆಯ ಪ್ರಾಜೆಕ್ಟ್ ಹಾಳೆಗಳಿಗೆ ಬಳಸಿ ಮುಗಿಸಲು ನಾಲ್ಕು ತಿಂಗಳು ಹಿಡಿಯಿತು. ಆಲ್ಬಮಿನ ಹನ್ನೆರಡು ಪುಟಗಳನ್ನು ಕೊನೆಗೆ ಸ್ಟುಡಿಯೋದಲ್ಲಿಯೇ ಮಾಡಿಸಿದೆ. ಅರ್ಧ ಉಳಿದ ಲೋಕಲ್ ಇಂಕಿನ ಬಾಟಲಿಗಳನ್ನು ಪಕ್ಕದ ಮನೆಯವರು ಮೊನ್ನೆ ತಾನೇ ಕೇಳಿದರು. ಕೊಡುವ ಬದಲು ಆ ಹಸಿರು ತಲೆಗೂದಲಿನ ಪ್ರತಿಯೊಂದನ್ನು ತಂದು ತೋರಿಸಿದೆ.