ಕ್ವೆಡ್ಲಿನ್‌ಬರ್ಗ್ ಕೋಟೆ ಚರ್ಚು: ಹಳೆಯದು ಯಾವುದು, ಹಳೆಯದರ ಸೋಗು ಯಾವುದು

ಜರ್ಮನಿಯ ಹಾರ್ಜ್ ಬೆಟ್ಟಗಳ ಬುಡದಲ್ಲಿರುವ ಕ್ವೆಡ್ಲಿನ್‌ಬರ್ಗ್ 1994ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಪೇಟೆಯ ಮರದ ಚೌಕಟ್ಟಿನ ಮನೆಗಳನ್ನು ನೋಡಿ ದಣಿದ ಮೇಲೆ ಕೋಟೆಗುಡ್ಡ ಹತ್ತಿ, ಸೇಂಟ್ ಸರ್ವೇಷಿಯಸ್ ಚರ್ಚಿಗೆ ಅರ್ಧ ಗಂಟೆ ಕೊಟ್ಟು ಇಳಿದರೆ ಟಿಕೆಟ್ ದುಡ್ಡು ದಂಡ. ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ.

ಜರ್ಮನ್ ದೊರೆ ಮೊದಲನೇ ಹೆನ್ರಿ 936ರಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ಈ ಗುಡ್ಡದ ಮೇಲೆ. ಅದೇ ವರ್ಷ ಅವನ ರಾಣಿ ಮಟಿಲ್ಡಾ ಇಲ್ಲಿ ಸ್ತ್ರೀಯರ ಮಠ ಶುರುಮಾಡಿದಳು. 1070ರಲ್ಲಿ ಹಳೇ ಚರ್ಚು ಬೆಂಕಿಗೆ ಆಹುತಿಯಾಯಿತು. ಈಗಿನ ರೋಮನೆಸ್ಕ್ (ದುಂಡು ಕಮಾನು, ದಪ್ಪ ಗೋಡೆಯ ಶೈಲಿ) ಕಟ್ಟಡ ಆಮೇಲಿನದು. 1129ರಲ್ಲಿ ದೊರೆ ಮೂರನೇ ಲೋಥರ್‌ನ ಎದುರಿನಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು.

ಒಳಗೆ ಹೋದವರು ಮೊದಲು ಕಂಬಗಳನ್ನು ನೋಡಬೇಕು. ಒಂದು ಚೌಕ ಕಂಬ, ಎರಡು ದುಂಡು ಕಂಬ, ಮತ್ತೆ ಚೌಕ ಕಂಬ: ಸ್ಯಾಕ್ಸನಿ ಸೀಮೆಯ ಕಟ್ಟಡಗಾರರಿಗೆ ಪ್ರಿಯವಾದ ವರಸೆ ಇದು. ಹಿಲ್ಡೆಸ್‌ಹೈಮ್‌ನ ಸೇಂಟ್ ಮೈಕೆಲ್ ಚರ್ಚಿನಲ್ಲೂ ಇದೇ ಇದೆ. ಮೇಲಿರುವುದು ಚಪ್ಪಟೆ ಮರದ ಮಾಳಿಗೆ, ಕಲ್ಲಿನ ಕಮಾನಲ್ಲ. ಹಾಗಾಗಿ ಭಾರ ಹೊರಲು ಈ ಸರದಿ ಬೇಕಿರಲಿಲ್ಲ. ಉದ್ದನೆಯ ಸಾಲಿಗೆ ಒಂದು ತಾಳ ಕೊಡುವುದೇ ಇದರ ಕೆಲಸ. ದುಂಡು ಕಂಬಗಳ ಬೋದಿಗೆಗಳಲ್ಲಿ ರೆಕ್ಕೆ ಬಿಚ್ಚಿದ ಹದ್ದುಗಳಿವೆ. ಕಿಟಕಿಗಳ ಕೆಳಗೆ ಗೋಡೆಯುದ್ದಕ್ಕೂ ಓಡುವ ಪಟ್ಟಿಕೆಯಲ್ಲಿ ಬಳ್ಳಿಗಳು, ಹಕ್ಕಿಗಳು, ವಿಚಿತ್ರ ಮೃಗಗಳು. ಉಳಿಯ ಕೈಚಳಕ ಉತ್ತರ ಇಟಲಿಯ ಲೊಂಬಾರ್ಡಿಯ ಶಿಲ್ಪಿಗಳನ್ನು ನೆನಪಿಸುತ್ತದೆ. ಪಟ್ಟಿಕೆ ಎತ್ತರದಲ್ಲಿದೆ, ಕಿಟಕಿಗಳು ಸಣ್ಣವು. ಮೋಡ ಮುಸುಕಿದ ದಿನ ಬರಿಗಣ್ಣಿಗೆ ಹಕ್ಕಿ ಯಾವುದು ಎಲೆ ಯಾವುದು ತಿಳಿಯುವುದಿಲ್ಲ. ಪುಟ್ಟ ದುರ್ಬೀನು ಜೇಬಿನಲ್ಲಿರಲಿ.

ಇಡೀ ಚರ್ಚಿನಲ್ಲಿ ಪೂರ್ತಿ ಅಂಕ ಕೊಡಬಹುದಾದ ಜಾಗ ಗರ್ಭಾಂಗಣದ ಕೆಳಗಿನ ಕ್ರಿಪ್ಟ್, ಅಂದರೆ ಸಮಾಧಿಗಳಿರುವ ನೆಲಮಾಳಿಗೆ. ಗಿಡ್ಡ ಕಂಬಗಳು, ಒಂದನ್ನೊಂದು ಅಡ್ಡಹಾಯುವ ಕಮಾನುಗಳು, ಕಮಾನಿನ ಹೊಟ್ಟೆಯಲ್ಲಿ ಮಾಸಿದ ವರ್ಣಚಿತ್ರ. ಇಲ್ಲಿ ಮೂವರು ಮಠಾಧೀಶೆಯರ ಸಮಾಧಿ ಫಲಕಗಳನ್ನು ಹತ್ತಿರ ನಿಂತು ನೋಡಿ. ಕಲ್ಲೆಂದು ಕಾಣುವ ಇವು ನಿಜಕ್ಕೆ ಗಾರೆ, ಜಿಪ್ಸಮ್ ಸುಟ್ಟು ಮಾಡಿದ ಗಾರೆ. ಹಾರ್ಜ್ ಅಂಚಿನಲ್ಲಿ ಜಿಪ್ಸಮ್ ಧಾರಾಳವಾಗಿ ಸಿಗುತ್ತಿತ್ತು. ಹೆಚ್ಚು ಶಾಖದಲ್ಲಿ ಸುಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಶತ್ರು ತೇವ. ಬೇಸಿಗೆಯ ಬಿಸಿ ಗಾಳಿ ತಣ್ಣನೆಯ ನೆಲಮಾಳಿಗೆಗೆ ನುಗ್ಗಿದರೆ ಗೋಡೆಯ ಮೇಲೆ ನೀರು ಕೂರುತ್ತದೆ. ಬಣ್ಣ ಏಳುವುದೂ ಗಾರೆ ಸವೆಯುವುದೂ ಅದರಿಂದಲೇ. ಮುಟ್ಟಬೇಡಿ, ಬಾಗಿಲು ತೆರೆದು ನಿಲ್ಲಬೇಡಿ. ಮಟಿಲ್ಡಾಳ ಕಲ್ಲಿನ ಶವಪೆಟ್ಟಿಗೆ ಇಲ್ಲೇ ಇದೆ. ಪಕ್ಕದಲ್ಲಿ ಮಲಗಬೇಕಿದ್ದ ಹೆನ್ರಿಯ ಅಸ್ಥಿ ಮಾತ್ರ ಇಲ್ಲ.

ಆ ಅಸ್ಥಿಯ ಹೆಸರಿನಲ್ಲೇ ಚರ್ಚಿಗೆ ದೊಡ್ಡ ಪೆಟ್ಟು ಬಿತ್ತು. ಹೆನ್ರಿ ತೀರಿಕೊಂಡು ಸಾವಿರ ವರ್ಷವಾದ 1936ರಲ್ಲಿ ಹಿಟ್ಲರನ ನಾಜಿ ಪಡೆ ಎಸ್‌ಎಸ್‌ನ ಮುಖ್ಯಸ್ಥ ಹಿಮ್ಲರ್ ಇಲ್ಲಿ ಸಮಾರಂಭ ನಡೆಸಿದ. ಆಮೇಲೆ ಎಸ್‌ಎಸ್ ಪಡೆ ಚರ್ಚನ್ನೇ ವಶಕ್ಕೆ ತೆಗೆದುಕೊಂಡಿತು. ಹೆನ್ರಿಯ ಮೂಳೆ ಸಿಕ್ಕಿತೆಂದು ಸಾರಿ 1937ರಲ್ಲಿ ಹೂಳಿಯೂ ಆಯಿತು. ಅದು ಬರೀ ನಾಟಕವೆಂದು ಯುದ್ಧದ ನಂತರ ಬಯಲಾಯಿತು. ಕಟ್ಟಡದಲ್ಲಿ ಇಂದಿಗೂ ಉಳಿದಿರುವ ಗುರುತು ಪೂರ್ವ ತುದಿಯ ಅರ್ಧವೃತ್ತದ ಗೋಡೆ. ನುಣುಪಾಗಿ, ಗಂಭೀರವಾಗಿ ನಿಂತ ಅದನ್ನು ಹನ್ನೆರಡನೇ ಶತಮಾನದ್ದೆಂದು ನಂಬುವುದು ಬಹಳ ಸುಲಭ. ಅದು 1930ರ ದಶಕದ ಕೊನೆಯಲ್ಲಿ, ಹದಿನಾಲ್ಕನೇ ಶತಮಾನದ ಗೋಥಿಕ್ (ಚೂಪು ಕಮಾನಿನ ಶೈಲಿಯ) ಭಾಗದ ಒಳಮೈಗೆ ಹೊದಿಸಿದ ರೋಮನೆಸ್ಕ್ ವೇಷ. ಅನುಮಾನವಿದ್ದರೆ ಹೊರಗೆ ಪೂರ್ವದ ಕಡೆಗೆ ಸುತ್ತಿ ಬನ್ನಿ: ಹೊರಗೋಡೆ ಮೂಲೆ ಮೂಲೆಯಾಗಿದೆ, ಕಿಟಕಿಗಳ ತಲೆ ಚೂಪು. ಒಳಗೆ ಗುಂಡಗೆ, ಹೊರಗೆ ಮೂಲೆ. ಗೋಪುರಗಳ ವಿಷಯದಲ್ಲೂ ಮೋಸಹೋಗಬೇಡಿ, ದಕ್ಷಿಣದ ಗೋಪುರ ಹತ್ತೊಂಬತ್ತನೇ ಶತಮಾನದ ಜೀರ್ಣೋದ್ಧಾರದಲ್ಲಿ ಎದ್ದದ್ದು.

ಖಜಾನೆಯನ್ನು ಬಿಡಬಾರದು. ಚರ್ಚಿನ ಎರಡು ಪಕ್ಕಕ್ಕೆ ಚಾಚಿದ ಅಡ್ಡತೋಳುಗಳಲ್ಲಿರುವ ಕೋಣೆಗಳಲ್ಲಿ ಚಿನ್ನದಕ್ಷರದ ಒಂಬತ್ತನೇ ಶತಮಾನದ ಸುವಾರ್ತೆಯ (ಯೇಸುವಿನ ಚರಿತೆಯ) ಹಸ್ತಪ್ರತಿ, ದಂತದ ಕರಂಡಕ, ಸುಮಾರು 1200ರಲ್ಲಿ ಮಠದ ಸ್ತ್ರೀಯರು ಗಂಟುಹಾಕಿ ನೇಯ್ದ ಉಣ್ಣೆಯ ಜಮಖಾನೆಯ ತುಂಡುಗಳು ಇವೆ. 1945ರಲ್ಲಿ ಒಬ್ಬ ಅಮೆರಿಕನ್ ಸೇನಾಧಿಕಾರಿ ಕೆಲವು ವಸ್ತುಗಳನ್ನು ಕದ್ದು ಅಂಚೆಯಲ್ಲಿ ಟೆಕ್ಸಾಸ್‌ಗೆ ಕಳಿಸಿದ್ದ. ಸಂಧಾನವಾಗಿ ಮರಳಿ, 1993ರಿಂದ ಮತ್ತೆ ಪ್ರದರ್ಶನದಲ್ಲಿವೆ.

ಕೊರತೆಗಳು: ದಾರಿ ಗುಂಡುಗಲ್ಲಿನದು, ಏರು, ಗಾಲಿಕುರ್ಚಿಗೆ ಕಷ್ಟ, ನಯವಾದ ಅಟ್ಟೆಯ ಚಪ್ಪಲಿ ಮಳೆಯಲ್ಲಿ ಜಾರುತ್ತದೆ. ಕ್ರಿಪ್ಟ್‌ಗೆ ಮೆಟ್ಟಿಲಿಳಿಯಬೇಕು. ಸೋಮವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ. ಗುಡ್ಡದ್ದು ಮರಳುಗಲ್ಲು, ಸವೆಯುತ್ತಲೇ ಇರುವುದರಿಂದ ದುರಸ್ತಿ ಕೆಲಸ ನಡೆಯುತ್ತಿದ್ದರೆ ಕೋಟೆಯ ಕೆಲವು ಭಾಗ ಮುಚ್ಚಿರಬಹುದು. ಟಿಕೆಟ್ ತೆಗೆಯುವಾಗಲೇ ಕ್ರಿಪ್ಟ್ ಮತ್ತು ಖಜಾನೆ ಸೇರಿವೆಯೇ ಕೇಳಿಕೊಳ್ಳಿ.

ಮ್ಯಾಗ್ಡೆಬರ್ಗ್‌ನಿಂದ ಹಾಲ್ಬರ್‌ಸ್ಟಾಟ್ ಮೇಲೆ ರೈಲಿದೆ. ದಿನ ಉಳಿದರೆ ಪಕ್ಕದ ಗೆರ್ನ್‌ರೋಡ್‌ಗೂ ನ್ಯಾರೋಗೇಜ್ ರೈಲಿನಲ್ಲಿ ಹೋಗಿಬನ್ನಿ. ಅಲ್ಲಿನ ಸೇಂಟ್ ಸಿರಿಯಾಕಸ್ ಚರ್ಚು 959ರ ಸುಮಾರಿಗೆ ಶುರುವಾದದ್ದು. ಒಂದು ಚೌಕ ಕಂಬಕ್ಕೆ ಒಂದೇ ದುಂಡು ಕಂಬ. ಎರಡನ್ನೂ ಒಂದೇ ದಿನ ನೋಡುವುದಾದರೆ ಹಳೆಯದಾದ ಗೆರ್ನ್‌ರೋಡ್ ಮೊದಲಿರಲಿ.