ನ್ಯೂಟೊ ಬಿಸಿನೀರೋ, ಗಿನ್ಜಾನ್ ಬೀದಿಯೋ?

ಉತ್ತರ ಜಪಾನಿನ ತೊಹೊಕು ಕಡೆ ಹೊರಟವರಿಗೆ ಒಂದೇ ರಾತ್ರಿ ಕೈಲಿದ್ದರೆ ಅಕಿತಾ ಪ್ರಾಂತ್ಯದ ನ್ಯೂಟೊ ಒನ್ಸೆನ್ (ಒನ್ಸೆನ್ ಅಂದರೆ ಬಿಸಿನೀರ ಬುಗ್ಗೆಯ ತಾಣ) ನೋಡುವುದೋ, ಯಮಗಾತಾ ಪ್ರಾಂತ್ಯದ ಅಂಥದೇ ತಾಣ ಗಿನ್ಜಾನ್ ನೋಡುವುದೋ? ನಾನು ಎರಡೂ ಕಡೆ ಉಳಿದಿದ್ದೇನೆ. ನನ್ನ ಓಟು ನ್ಯೂಟೊಗೆ.

ಗಿನ್ಜಾನ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸಣ್ಣ ಹೊಳೆಯ ಎರಡೂ ದಡದಲ್ಲಿ ಮೂರು ನಾಲ್ಕು ಅಂತಸ್ತಿನ ಮರದ ವಸತಿಗೃಹಗಳು, ಕತ್ತಲಾಗುತ್ತಿದ್ದಂತೆ ಹೊತ್ತಿಕೊಳ್ಳುವ ಗ್ಯಾಸ್ ದೀಪಗಳು, ಹಿಂದೆ ಬೆಳ್ಳಿ ಗಣಿಯಿದ್ದ ಊರು. ಬೀದಿಯ ಕೊನೆಗೆ 22 ಮೀಟರಿನ ಶಿರೊಗಾನೆ ಜಲಪಾತವೂ ಇದೆ. ಆದರೆ ಹಗಲಲ್ಲಿ ಫೋಟೋ ತೆಗೆಯುವವರ ಜನಜಾತ್ರೆ. ಊರು ನಿಮ್ಮದು ಅನ್ನಿಸುವುದು ರಾತ್ರಿ ಮಾತ್ರ, ಅದಕ್ಕೇ ಅಲ್ಲಿಗೆ ಹೋದರೆ ಉಳಿಯಲೇಬೇಕು. ರೂಮಿನ ಬೆಲೆ ಮಾತ್ರ ಕೈ ಸುಡುತ್ತದೆ. ಸ್ನಾನ? ನೀರು ಬಿಸಿ, ತಿಳಿ, ಹಿತವಾಗಿತ್ತು. ಅಷ್ಟೇ.

ನ್ಯೂಟೊದಲ್ಲಿ ಬೀದಿ ಅಂತ ಒಂದಿಲ್ಲ. ಬೀಚ್ (beech) ಎಂಬ ಜಾತಿಯ ಮರಗಳ ಕಾಡಿನಲ್ಲಿ ದೂರ ದೂರಕ್ಕೆ ಏಳು ವಸತಿಗೃಹಗಳು, ಒಂದೊಂದರ ನೀರೂ ಬೇರೆ. ಏಳರಲ್ಲಿ ಎಲ್ಲೇ ಉಳಿದರೂ ಒಂದು ಪಾಸ್ ಕೊಂಡರೆ ಎಲ್ಲ ಕಡೆಯೂ ಸ್ನಾನ ಮಾಡಬಹುದು. ಅತಿ ಹಳೆಯದಾದ ತ್ಸುರುನೊಯುವಿನಲ್ಲಿ ನೀರು ಹಾಲಿನಂತೆ ಬೆಳ್ಳಗೆ. ತಳದಲ್ಲಿ ಜಲ್ಲಿಕಲ್ಲು, ಕೂತ ಜಾಗದಲ್ಲೇ ಕಲ್ಲಿನ ಸಂದಿಯಿಂದ ಬಿಸಿನೀರು ಗುಳುಗುಳು ಉಕ್ಕಿ ತೊಡೆಗೆ ತಾಗುತ್ತದೆ. ಗಂಧಕದ ವಾಸನೆ ಕೂದಲಲ್ಲಿ ಮಾರನೇ ದಿನವೂ ಇರುತ್ತದೆ. ಬೆಳ್ಳಿ ಉಂಗುರ, ಕಾಲುಂಗುರ ತೆಗೆದಿಡಿ, ಕಪ್ಪಾಗುತ್ತವೆ. ದೊಡ್ಡ ಬಯಲು ಕೊಳ ಗಂಡಸರು ಹೆಂಗಸರು ಇಬ್ಬರಿಗೂ ಸೇರಿದ್ದು, ಆದರೆ ಹೆಂಗಸರಿಗೇ ಬೇರೆ ಕೊಳವೂ ಇದೆ. ಬಟ್ಟೆ ಹಾಕಿಕೊಂಡು ಇಳಿಯುವ ಹಾಗಿಲ್ಲ, ಮೊದಲು ಮೈ ತೊಳೆದುಕೊಂಡೇ ಇಳಿಯಬೇಕು. ಮುಜುಗರ ಐದು ನಿಮಿಷ ಅಷ್ಟೇ, ನೀರೇ ಎಲ್ಲ ಮುಚ್ಚುತ್ತದೆ ಅಲ್ವಾ!

ಊಟದಲ್ಲೂ ನನಗೆ ನ್ಯೂಟೊ ಮೇಲು. ನೆಲದಲ್ಲೇ ತೋಡಿದ ಇರೊರಿ ಒಲೆಯ ಸುತ್ತ ಕೂತು, ಕಾಡುಗೆಣಸಿನ ಉಂಡೆ ಹಾಕಿದ ಬಿಸಿ ಸಾರು. ಸಸ್ಯಾಹಾರಿಗಳಿಗೆ ಎರಡೂ ಕಡೆ ಕಷ್ಟ, ಯಾಕೆಂದರೆ ತರಕಾರಿ ಸಾರಿಗೂ ದಾಶಿ, ಅಂದರೆ ಒಣಮೀನಿನ ರಸ, ಹಾಕಿರುತ್ತಾರೆ. ಬುಕ್ ಮಾಡುವಾಗಲೇ ಕೇಳಿ, ಆಗಲ್ಲ ಅಂದರೆ ಅನ್ನಕ್ಕೆ ಚಟ್ನಿಪುಡಿ ಇಟ್ಟುಕೊಳ್ಳಿ.

ತಲುಪುವುದು ಗಿನ್ಜಾನ್‌ಗೆ ಸುಲಭ. ಒಯಿಶಿದಾ ಸ್ಟೇಷನ್ನಿನಲ್ಲಿ ಶಿಂಕಾನ್ಸೆನ್ ರೈಲು ಇಳಿದು ಬಸ್ ಹತ್ತಿದರೆ ಸೀದಾ ಊರಿಗೇ. ನ್ಯೂಟೊಗೆ ತಜಾವಾಕೊ ಸ್ಟೇಷನ್ನಿಂದ ಬಸ್. ತ್ಸುರುನೊಯುಗಾದರೆ ಅರುಪಾ ಕೊಮಾಕುಸಾ ಸ್ಟಾಪಿನಲ್ಲಿ ಇಳಿಯಬೇಕು, ಅಲ್ಲಿಂದ ಅವರದೇ ಗಾಡಿ ಬರುತ್ತದೆ, ಮೊದಲೇ ಹೇಳಿಟ್ಟಿದ್ದರೆ ಮಾತ್ರ. ಅಲ್ಲಿ ರೂಮು ಸಿಗದಿದ್ದರೆ ಬೇಸರ ಬೇಡ, ಉಳಿದ ಆರರಲ್ಲಿ ಒಂದು ಹಿಡಿದು ಪಾಸ್ ತಗೊಳ್ಳಿ.